ನಕ್ಷೆಯ ಹದಿನೇಳನೆಯ ಹೆಸರು

ಭಾನುವಾರ ಮಧ್ಯಾಹ್ನ ಮೂರಕ್ಕೆ ಕರೆಂಟು ತೆಗೆಯುತ್ತಾರೆಂದು ಬೆಳಿಗ್ಗೆಯೇ ಮೊಬೈಲಿಗೆ ಸಂದೇಶ ಬಂದಿತ್ತು. ಐದರೊಳಗೆ ನಕ್ಷೆ ಕೈಸೇರಬೇಕೆಂದು ತುಮಕೂರಿನ ಪ್ರಕಾಶಕರು ಹಿಂದಿನ ದಿನ ಎರಡು ಸಲ ಫೋನು ಮಾಡಿದ್ದರು. ಸುರುಳಿ ಸುತ್ತಿದ ಡ್ರಾಯಿಂಗ್ ಹಾಳೆಯನ್ನು ಕಂಕುಳಲ್ಲಿಟ್ಟುಕೊಂಡು, ಅದನ್ನು ಸ್ಕ್ಯಾನ್ ಮಾಡಿಸಿ ತುಂಬಿಸಿದ್ದ ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಾನು ಹನ್ನೊಂದು ಗಂಟೆಗೆ ಮಧುಗಿರಿಯಲ್ಲಿ ಗೆಳತಿಯ ಬಾಡಿಗೆ ಮನೆಯ ಮೆಟ್ಟಿಲು ಹತ್ತಿದೆ.

ನಾನು ಕೊರಟಗೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಟೀಚರು. ಅವಳು ಅದೇ ಶಾಲೆಯಲ್ಲಿ ಗಣಿತ ಟೀಚರು, ನನಗಿಂತ ಏಳು ವರ್ಷ ಚಿಕ್ಕವಳು. ಇಬ್ಬರ ಮನೆಯೂ ಮಧುಗಿರಿಯಲ್ಲೇ ಇದ್ದದ್ದರಿಂದ ನಾಲ್ಕು ವರ್ಷ ಒಂದೇ ಬಸ್ಸಿನಲ್ಲಿ ಹೋಗಿ ಬಂದಿದ್ದೆವು. ಶುಕ್ರವಾರ ಗೊರವನಹಳ್ಳಿಯ ಲಕ್ಷ್ಮಿ ಗುಡಿಗೆ ಹೋಗುವವರ ನೂಕುನುಗ್ಗಲು; ಮೊದಲು ಹತ್ತಿದವಳು ಇನ್ನೊಬ್ಬಳಿಗೆ ಬ್ಯಾಗು ಹಾಕಿ ಸೀಟು ಹಿಡಿಯುತ್ತಿದ್ದಳು. ಶಾಲೆಯ ಗೇಟಿನೊಳಗೆ ಅವಳಿಗೆ ನಾನು 'ಮೇಡಂ', ಬಸ್ಸು ಹತ್ತಿದ ಮೇಲೆ 'ಅಕ್ಕ'.

ನಾನು ಬರೆದಿದ್ದು ಮಕ್ಕಳಿಗಾಗಿ ಒಂದು ನೀಳ ಕಥೆ. ಎಲ್ಲೂ ಇಲ್ಲದ ಒಂದು ನಾಡಿನಲ್ಲಿ ನದಿಯೊಂದು ಕಾಣೆಯಾಗುತ್ತದೆ, ಅದನ್ನು ಹುಡುಕಿಕೊಂಡು ಒಬ್ಬ ಹುಡುಗಿ ಹೊರಡುತ್ತಾಳೆ. ಪುಸ್ತಕದ ಮೊದಲ ಪುಟಕ್ಕೆ ಆ ನಾಡಿನ ನಕ್ಷೆ ಬೇಕಿತ್ತು. ಬೆಟ್ಟ, ಕೋಟೆ, ಕೆರೆ, ಹಳ್ಳ, ಕಾಡು ಎಲ್ಲವನ್ನೂ ನಾನೇ ಕಪ್ಪು ಪೆನ್ನಿನಲ್ಲಿ ಬರೆದಿದ್ದೆ. ಹೆಸರುಗಳನ್ನು ಮಾತ್ರ ಕೈಯಲ್ಲಿ ಬರೆಯಬೇಡಿ, ಅಚ್ಚಿನ ಅಕ್ಷರ ಹಾಕಿಸಿ ಎಂದು ಪ್ರಕಾಶಕರು ಹೇಳಿದ್ದರು. ನನಗೆ ಕಂಪ್ಯೂಟರಿನಲ್ಲಿ ಒಂದು ರಜೆ ಅರ್ಜಿ ಟೈಪ್ ಮಾಡಲೂ ಭಯ. ಗೆಳತಿ ಇಡೀ ಶಾಲೆಯ ಪ್ರಶ್ನೆಪತ್ರಿಕೆಗಳನ್ನು ಮಾಡುವವಳು. ತ್ರಿಕೋನದ ಮೂಲೆಗೊಂದು ಅಕ್ಷರ, ವೃತ್ತದ ನಡುವಿಗೊಂದು ಅಕ್ಷರ ಕೂರಿಸುವುದು ಅವಳಿಗೆ ನೀರು ಕುಡಿದಷ್ಟು ಸಲೀಸು.

"ಇದೂ ಅಷ್ಟೇ ಅಕ್ಕ. ತ್ರಿಕೋನದ ಬದಲು ಬೆಟ್ಟ," ಎಂದಳು.

ಅಷ್ಟೇ ಆಗಿರಲಿಲ್ಲ. ಪ್ರಶ್ನೆಪತ್ರಿಕೆ ಮಾಡುವ ಅದೇ ಬಗೆಯ ಫೈಲಿನಲ್ಲಿ ಮೊದಲು ನಕ್ಷೆಯ ಚಿತ್ರವನ್ನು ಕೂರಿಸಿದಳು. ಅದರ ಮೇಲೆ ಒಂದೊಂದು ಹೆಸರಿಗೂ ಒಂದೊಂದು ಟೆಕ್ಸ್ಟ್ ಬಾಕ್ಸ್. ಬಾಕ್ಸಿನ ಗೆರೆ ತೆಗೆಯಬೇಕು, ಒಳಗಿನ ಬಿಳಿ ಬಣ್ಣ ತೆಗೆಯಬೇಕು, ಇಲ್ಲವಾದರೆ ಹೆಸರು ಬೆಟ್ಟವನ್ನೇ ಮುಚ್ಚಿಬಿಡುತ್ತದೆ. ಹಳ್ಳದ ಹೆಸರನ್ನು ಹಳ್ಳದ ಓಟಕ್ಕೆ ಸರಿಯಾಗಿ ಓರೆ ತಿರುಗಿಸಬೇಕು. ಕಾಡಿನ ಹೆಸರು ಕಾಡಿನುದ್ದಕ್ಕೂ ಹರಡಲಿ ಎಂದು ಅಕ್ಷರಗಳ ನಡುವೆ ಜಾಗ ಹೆಚ್ಚಿಸಿದರೆ ಒತ್ತಕ್ಷರ ತನ್ನ ಅಕ್ಷರ ಬಿಟ್ಟು ಪಕ್ಕದ ಮನೆಗೆ ಹೋಗಿ ನಿಲ್ಲುತ್ತಿತ್ತು. ನಾನು ನಂಬರು ಹಾಕಿ ಇಪ್ಪತ್ತಮೂರು ಹೆಸರು ಬರೆದು ತಂದಿದ್ದೆ. ನಾನು ಓದುವುದು, ಅವಳು ಟೈಪ್ ಮಾಡುವುದು, ನಾನು ಪರದೆಯ ಮೇಲೆ ಬೆರಳಿಟ್ಟು ಜಾಗ ತೋರಿಸುವುದು, ಅವಳು ಹೆಸರನ್ನು ಎಳೆದು ತಂದು ಅಲ್ಲಿ ನಿಲ್ಲಿಸುವುದು.

ಏಳನೆಯದು 'ಕನ್ನಡಿ ಕಡಲು'. ಅದು ಅವಳೇ ಕೊಟ್ಟಿದ್ದು. ಮೊದಲು ಪಾವಗಡ ತಾಲ್ಲೂಕಿನಲ್ಲಿ ಕೆಲಸ ಮಾಡುತ್ತಿದ್ದಾಗ ರಾಯಚರ್ಲು ಕಡೆ ಬಸ್ಸಿನ ಕಿಟಕಿಯಿಂದ ಸೋಲಾರ್ ಫಲಕಗಳನ್ನು ಕಂಡು, ಇಷ್ಟು ದೊಡ್ಡ ಕೆರೆ ಯಾವಾಗ ತುಂಬಿತು ಎಂದು ಬೆರಗಾಗಿದ್ದಳಂತೆ. ಆ ಹೆಸರು ಟೈಪ್ ಮಾಡುವಾಗ ಇಬ್ಬರೂ ನಕ್ಕೆವು. ಆ ದಿನ ನಕ್ಕಿದ್ದು ಅದೇ ಕೊನೆ.

ಹನ್ನೊಂದನೆಯ ಹೆಸರಿನ ಹೊತ್ತಿಗೆ, ತಲೆಬರಹಕ್ಕೆ ಮೇಲೆ ಜಾಗ ಸಾಲದು ಅನ್ನಿಸಿ ನಾನು ಕೈ ಚಾಚಿ ಎಂಟರ್ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹೆಸರುಗಳೆಲ್ಲ ಒಂದು ಬೆರಳಿನಷ್ಟು ಕೆಳಗೆ ಜಾರಿದವು. ಬೆಟ್ಟದ ಹೆಸರು ಕೆರೆಗೆ ಬಿತ್ತು, ಕೆರೆಯ ಹೆಸರು ಅರಮನೆಯ ಮೇಲೆ ಕುಳಿತಿತು.

"ಅಕ್ಕಾ, ಕೈ ತಗೀರಿ ಅಲ್ಲಿಂದ!" ಎಂದು ಅವಳು ಕೂಗಿಯೇಬಿಟ್ಟಳು.

ಎಲ್ಲವನ್ನೂ ಮತ್ತೆ ಅವುಗಳ ಜಾಗಕ್ಕೆ ತರುವಷ್ಟರಲ್ಲಿ ಒಂದೂಮುಕ್ಕಾಲು. ಊಟ ಮಾಡಲಿಲ್ಲ. ಅವಳ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು; ಕರೆಂಟು ಹೋದರೆ ಪರದೆಯೂ ಹೋಗುತ್ತದೆ. ಪ್ರತಿ ಎರಡು ಹೆಸರಿಗೊಮ್ಮೆ ಸೇವ್ ಮಾಡುತ್ತಿದ್ದಳು. ನಾನು ಗಡಿಯಾರ ನೋಡುತ್ತಿದ್ದೆ, ಅವಳು ನಾನು ಗಡಿಯಾರ ನೋಡುವುದನ್ನು ನೋಡುತ್ತಿದ್ದಳು.

ಎರಡೂವರೆಗೆ ಹದಿನೇಳನೆಯದಕ್ಕೆ ಬಂದೆವು. ನಾನು ಓದಿದೆ: "ಮುಟ್ಟಬಾರದ ಬಾವಿ."

ಅವಳು ಟೈಪ್ ಮಾಡಿದಳು. "ಎಲ್ಲಿಗೆ?"

"ಹಳ್ಳದ ಆಚೆ. ಅಗೋ, ಮೂರು ಬಂಡೆ ಬರ್ದಿದೀನಲ್ಲ, ಅದರ ಪಕ್ಕಕ್ಕೆ."

ಹೆಸರು ಕೆರೆ ದಾಟಿತು, ಹಳ್ಳ ದಾಟಿತು, ಬಂಡೆಗಳ ಹತ್ತಿರ ಬಂತು. ಅಲ್ಲಿಗೆ ಮೌಸು ನಿಂತಿತು. ಅವಳ ಕೈ ಮೌಸಿನ ಮೇಲೇ ಇತ್ತು, ಬೆರಳು ಮಾತ್ರ ಆಡಲಿಲ್ಲ.

"ಇನ್ನು ಸ್ವಲ್ಪ ಬಲಕ್ಕೆ," ಎಂದೆ.

ಅವಳು ಅಲುಗಲಿಲ್ಲ. ನಕ್ಷೆಯನ್ನು ಮೊದಲ ಸಲ ನೋಡುವವಳಂತೆ ಬೆಟ್ಟದಿಂದ ಕೋಟೆಗೆ, ಕೋಟೆಯಿಂದ ಕೆರೆಗೆ, ಕೆರೆಯಿಂದ ಹಳ್ಳಕ್ಕೆ ಕಣ್ಣು ಹಾಯಿಸುತ್ತಿದ್ದಳು. ಏನಾಯಿತು ಎಂದು ಕೇಳಿದೆ. ಏನಿಲ್ಲ ಎಂದಳು. ಅವಳ ಕಿವಿಯ ತುದಿ ಕೆಂಪಾಗಿತ್ತು. ಗಂಟೆ ಓಡುತ್ತಿದೆಯಲ್ಲ ಎಂಬ ಸಿಡುಕಿನಲ್ಲಿ ನಾನು, "ಏನಿಲ್ಲ ಅಂದ್ರೆ ಮುಂದಕ್ಕೆ ಹೋಗು ಮಾರಾಯ್ತಿ, ಇನ್ನೂ ಆರು ಹೆಸರಿವೆ," ಎಂದೆ.

ಆಗ ಅವಳ ತಾಯಿ ಟೀ ತಂದರು. ಅರವತ್ತೈದು ದಾಟಿದ ಹೆಂಗಸು. ವಯಸ್ಕರ ಶಾಲೆಗೆ ಹೋಗಿ ನಡುವಯಸ್ಸಿನಲ್ಲಿ ಅಕ್ಷರ ಕಲಿತವರು. ಬಸ್ಸಿನ ಬೋರ್ಡು, ಬಿಸ್ಕತ್ತಿನ ಪೊಟ್ಟಣ, ಕಂಡದ್ದನ್ನೆಲ್ಲ ಜೋರಾಗಿ ಕೂಡಿಸಿ ಓದುವುದು ಅವರ ರೂಢಿ. ನಾನು ಹೋದಾಗಲೆಲ್ಲ ಗೋಡೆಗೂಡಿನ ಬುದ್ಧನ ಮುಂದೆ ದೀಪ ಹಚ್ಚಿ ಬಂದು ನನ್ನ ಪಕ್ಕ ಕೂತು, ಶಾಲೆಯ ಸಮಾಚಾರ ಕೇಳುತ್ತಿದ್ದರು. ಟೀ ಲೋಟ ಕೊಟ್ಟು ಅವರು ಪರದೆಯತ್ತ ಬಗ್ಗಿದರು.

"ಏನೇ ಇದು, ನಮ್ಮೂರಿದ್ದಂಗೈತಲ್ಲೇ?"

"ನೀನು ಒಳಗೋಗಮ್ಮ," ಎಂದಳು ಗೆಳತಿ.

"ತಡಿಯೇ. ಬೆಟ್ಟ ಐತೆ. ಕ್ವಾಟೆ ಬಾಗ್ಲೈತೆ. ಕೆರೆ ಏರಿ ಐತೆ. ಹಳ್ಳ ಇಂಗೇ ತಿರುಕ್ಕಂಡು ಓಗಾದು. ನೋಡು, ನಮ್ಮೂರೇ ಕಣೆ!" ಅವರ ಮುಖ ಅರಳಿತ್ತು. ಬೆರಳು ಹಳ್ಳ ದಾಟಿ ಮೂರು ಬಂಡೆಯ ಮೇಲೆ ನಿಂತಿತು. "ನಮ್ಮನೆ ಇಲ್ಲೇಯಾ. ಈ ಬಂಡೆ ಮ್ಯಾಗೇ ರಾಗಿ ಒಣಾಕ್ತಿದ್ದಿದ್ದು. ಇಲ್ಲೇನೋ ಬರ್ದವ್ರೆ..."

"ಅಮ್ಮಾ," ಎಂದಳು ಮಗಳು.

"ಮು... ಟ್ಟ... ಬಾ... ರ... ದ." ಒಂದೊಂದೇ ಅಕ್ಷರವನ್ನು ಬೆರಳಿನಿಂದ ಒತ್ತಿ ಓದಿದರು. "ಮುಟ್ಟಬಾರದ. ಬಾ... ವಿ." ಬೆರಳು ಅಲ್ಲೇ ಉಳಿಯಿತು.

ನನಗೆ ಇನ್ನೂ ಪೂರ್ತಿ ಅರ್ಥವಾಗಿರಲಿಲ್ಲ.

"ಯಾರು ಈ ಎಸ್ರಿಟ್ಟಿದ್ದು?"

"ನಾನೇ ಅಮ್ಮ. ಕಥೇಲಿ ಬರುತ್ತೆ. ಮಾಟದ ಬಾವಿ. ಅದರ ನೀರು ಮುಟ್ಟಿದವರು ಕಲ್ಲಾಗ್ತಾರೆ. ಎಲ್ಲೂ ಇಲ್ಲ ಅದು, ಸುಮ್ನೆ ಕಲ್ಪನೆ."

ಅವರು ನನ್ನನ್ನೇ ನೋಡಿದರು. "ನಿಂದ್ಯಾವೂರಮ್ಮ?"

ನಾಲ್ಕು ವರ್ಷದಲ್ಲಿ ಆ ಮನೆಗೆ ಎಷ್ಟೋ ಸಲ ಹೋಗಿದ್ದೆ. ಅವರು ನನ್ನೂರು ಕೇಳಿರಲಿಲ್ಲ. ನಾನು ಅವರ ತವರು ಕೇಳಿರಲಿಲ್ಲ. ಗಂಡನ ಮನೆ ಸಿರಾ ತಾಲ್ಲೂಕಿನಲ್ಲಿ, ಪಟ್ಟನಾಯಕನಹಳ್ಳಿ ಕಡೆ ಎಂದಷ್ಟೇ ಗೊತ್ತಿತ್ತು. ನಾನು ಮಧುಗಿರಿ ತಾಲ್ಲೂಕಿನ ನಮ್ಮೂರ ಹೆಸರು ಹೇಳಿದೆ.

"ಯಾರಟ್ಟಿ?"

"ಕೋಟೆ ಬಾಗಿಲ ಪಕ್ಕದ ಮನೆ."

"ದೊಡ್ಡಮನೆಯೋರು," ಎಂದು ತಮಗೆ ತಾವೇ ಹೇಳಿಕೊಂಡು ಅವರು ಮಂಚದ ಅಂಚಿಗೆ ಕುಳಿತರು.

ಗೆಳತಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅವಳಿಗೆ ಮೊದಲೇ ಗೊತ್ತಿತ್ತು ಎಂಬುದು ಆಗ ನನಗೆ ಹೊಳೆಯಿತು. ಕೋಟೆ ಬಾಗಿಲಿನವಳು ನಾನು, ಹಳ್ಳದಾಚೆಯ ಕೇರಿಯ ಮೊಮ್ಮಗಳು ಅವಳು. ಎಂದಿನಿಂದಲೋ ತಿಳಿದೂ ಬಾಯಿ ಬಿಟ್ಟಿರಲಿಲ್ಲ.

ತಾಯಿ ದನಿ ಏರಿಸದೆ ಮಾತಾಡಿದರು. "ಊರು ಬಾವೀಲಿ ನಮ್ಗೆ ಸೇದಾಕ್ಕೆ ಬುಡ್ತಿರ್ಲಿಲ್ಲ ಕಣಮ್ಮ. ಕೊಡ ಕೆಳಗಿಟ್ಟು ಕುಂತ್ಕಬೇಕು. ಯಾರಾನ ಮನಸ್ಸು ಬಂದು ಮ್ಯಾಗ್ಲಿಂದ ಉಯ್ಯೋಗಂಟ ಕಾಯ್ಬೇಕು. ನಮ್ಮಪ್ಪ, ಚಿಕ್ಕಪ್ಪದೀರು ಸೇರ್ಕಂಡು ಮೂರು ಬ್ಯಾಸ್ಗೆ ಅಗೆದ್ರು. ಬಂಡೆ ಬಂತು. ಉಳೀಲಿ ಒಡುದ್ರು. ನಾನು ಇಷ್ಟುದ್ದ ಇದ್ದೆ, ಮಣ್ಣಿನ ಮಂಕ್ರಿ ಹೊತ್ತಿವ್ನಿ. ನೀರು ಬಿದ್ದ ದಿನ ನಮ್ಮಪ್ಪ ಅತ್ಬುಟ್ಟ. ಊರೊಳಗೆ ನಿಮ್ಮೋರು ಏನಂದ್ರು ಗೊತ್ತಾ? ಇದೇ ಮಾತು. ಆ ನೀರು ಮುಟ್ಟಬ್ಯಾಡಿ ಅಂತ ಮಕ್ಕಳು ಮರೀಗೆಲ್ಲ ಏಳ್ಕೊಟ್ರು."

ಆ ಮಾತು ಕೇಳುತ್ತಿದ್ದಂತೆ ನನ್ನಜ್ಜಿಯ ಕೈ ನನ್ನ ಕಿವಿ ಹಿಡಿದದ್ದು ನೆನಪಾಯಿತು. ನನಗೆ ಆರೋ ಏಳೋ ವರ್ಷ. ಹಳ್ಳದಲ್ಲಿ ಆಡುತ್ತ ಆಚೆ ದಡ ಹತ್ತಿದ್ದೆ. ಅಜ್ಜಿ ಎಳೆದುಕೊಂಡು ಬಂದು, ಆ ನೀರು ಮುಟ್ಟಿದರೆ ಕೈ ಕಲ್ಲಾಗಿಹೋಗುತ್ತದೆ ಎಂದಿದ್ದಳು. ಎಷ್ಟೋ ದಿನ ಮಲಗುವ ಮುಂಚೆ ಬೆರಳು ಮಡಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದೆ. ಆಮೇಲೆ ಮರೆತುಹೋಯಿತು. ಕಥೆ ಬರೆಯುವಾಗ ಆ ಬಾವಿ ತಾನಾಗಿ ಬಂದಾಗ, ನನ್ನ ಕಲ್ಪನೆ ಇಷ್ಟು ಚೆನ್ನಾಗಿದೆಯಲ್ಲ ಎಂದು ಹಿಗ್ಗಿದ್ದೆ. ಮೂರು ಅಧ್ಯಾಯ ಅದರ ಸುತ್ತಲೇ ಬೆಳೆದಿದ್ದವು.

"ಕೆರೆ ಬತ್ತೋಯ್ತಲ್ಲ ಒಂದು ವರ್ಸ," ಎಂದರು ತಾಯಿ, "ಊರು ಬಾವೀಲೂ ಕೆಸರು. ಆಗ ನಿಮ್ಮಜ್ಜಿ ಬಂದ್ಲು. ಹೊತ್ತು ಮುಳುಗಾ ಒತ್ನಲ್ಲಿ, ಸೆರಗು ಮುಚ್ಕಂಡು. ನಾನೇ ಸೇದಿ ಉಯ್ದೆ. ಕೊಡ ಮುಟ್ಟಬ್ಯಾಡ, ಮ್ಯಾಗ್ಲಿಂದ ಉಯ್ಯಿ ಅಂದ್ಲು."

ನನ್ನ ಬಾಯಲ್ಲಿ ಬಂದದ್ದು ಇಷ್ಟೇ: "ಹೆಸರು ಬದಲಾಯಿಸ್ತೀನಿ ಅಮ್ಮ. ಒಳ್ಳೆ ಹೆಸರಿಡ್ತೀನಿ. ನೀವೇ ಒಂದು ಹೇಳಿ."

"ಯಾವೆಸ್ರೂ ಬ್ಯಾಡ. ನಮ್ಮ ಬಾವಿಗೆ ನೀನು ಎಸ್ರಿಡಾದೇ ಬ್ಯಾಡ. ನಿನ್ನ ಕತೆಗೆ ಅದು ಬ್ಯಾಡ ಕಣಮ್ಮ, ತೆಗೆದ್ಬುಡು."

ಎದ್ದು ಒಳಗೆ ಹೋದರು. ಗೆಳತಿ ಲ್ಯಾಪ್‌ಟಾಪನ್ನು ನನ್ನ ಕಡೆಗೆ ತಿರುಗಿಸಿದಳು.

"ನೀವೇ ಅಳಿಸಿ, ಮೇಡಂ."

ಆ ಮನೆಯೊಳಗೆ ಅವಳು ನನ್ನನ್ನು ಮೇಡಂ ಎಂದದ್ದು ಅದೇ ಮೊದಲು. ನಾನು ಹೆಸರಿನ ಮೇಲೆ ಕ್ಲಿಕ್ ಮಾಡಿ, ಹಿಂದಿನಿಂದ ಒಂದೊಂದೇ ಅಕ್ಷರ ಅಳಿಸಿದೆ. ವಿ ಹೋಯಿತು, ಬಾ ಹೋಯಿತು. 'ಮುಟ್ಟಬಾರದ' ಎಂಬುದು ಒಂದು ಗಳಿಗೆ ಒಂಟಿಯಾಗಿ ಉಳಿಯಿತು. ಅದನ್ನೂ ಅಳಿಸಿದೆ. ಖಾಲಿ ಬಾಕ್ಸು ಚುಕ್ಕೆ ಗೆರೆಯಲ್ಲಿ ಹಾಗೇ ಇತ್ತು. ಎಷ್ಟು ಒತ್ತಿದರೂ ಹೋಗಲಿಲ್ಲ.

"ಒಳಗೆ ಒತ್ತಿದ್ರೆ ಹೋಗಲ್ಲ. ಅಂಚು ಹಿಡಿದು ಒತ್ತಿ," ಎಂದಳು. ಸಹಾಯ ಮಾಡಲು ಕೈ ಚಾಚಲಿಲ್ಲ.

ಅಂಚು ಹಿಡಿದು ಒತ್ತಿದೆ. ಹೋಯಿತು. ಮೂರಕ್ಕೆ ಐದು ನಿಮಿಷ ಇರುವಾಗಲೇ ಕರೆಂಟೂ ಹೋಯಿತು, ಪರದೆ ಕಪ್ಪಾಯಿತು. ಅಳಿಸಿದ್ದನ್ನು ಯಾರೂ ಸೇವ್ ಮಾಡಿರಲಿಲ್ಲ. ನಾನು ಹಾಳೆ ಸುತ್ತಿಕೊಂಡು ಚಪ್ಪಲಿ ಮೆಟ್ಟಿ ಇಳಿದುಬಂದೆ. ಟೀ ಲೋಟ ತುಂಬಿದಂತೇ ಇತ್ತು. ಅದನ್ನು ಆ ತಾಯಿ ಹೇಗೆ ತಿಳಿದುಕೊಂಡಾರು ಎಂಬುದು ಬಸ್ ನಿಲ್ದಾಣದ ಹತ್ತಿರ ಬಂದ ಮೇಲೆ ಹೊಳೆಯಿತು. ಹಿಂತಿರುಗಿ ಹೋಗಲು ಧೈರ್ಯ ಬರಲಿಲ್ಲ.

ನಿಜ ಹೇಳಬೇಕೆಂದರೆ, ಮನೆ ಮುಟ್ಟುವವರೆಗೂ ನನಗೆ ಬಂದದ್ದು ಸಿಟ್ಟು. ಕಥೆಯೆಂದರೆ ಕಥೆ. ನಾನೇನು ಬೇಕೆಂದು ಮಾಡಿದೆನೇ? ಎರಡು ವರ್ಷ ಬರೆದಿದ್ದೇನೆ. ಒಂದು ಹೆಸರಿಗೆ ಇಷ್ಟೆಲ್ಲ ಯಾಕೆ? ಹೀಗೆಲ್ಲ ಮನಸ್ಸಿನಲ್ಲೇ ವಾದ ಮಾಡಿಕೊಂಡು ನಡೆದೆ. ಮನೆ ಬಾಗಿಲು ತೆರೆದು ಮೊದಲು ಮಾಡಿದ್ದು ಊರಿಗೆ, ನನ್ನಮ್ಮನಿಗೆ ಫೋನು.

"ಅಜ್ಜಿ ಯಾವತ್ತಾದ್ರೂ ಹಳ್ಳದಾಚೆ ಬಾವಿಯಿಂದ ನೀರು ತಂದಿದ್ಲಾ?"

ಅಮ್ಮ ದನಿ ತಗ್ಗಿಸಿ, "ಯಾರೇಳಿದ್ದು ನಿಂಗೆ?" ಎಂದಳು.

"ತಂದಿದ್ಲೋ ಇಲ್ವೋ ಅಷ್ಟು ಹೇಳು."

"ಎಲ್ಲಾರೂ ತಂದ್ರು ಆ ವರ್ಸ. ನೀನು ಕೈಗೂಸು. ನಿಂಗೆ ಕಾಯಿಸಿ ಕುಡಿಸಿದ್ದೂ ಅದೇ ನೀರು. ಈಗ್ಯಾಕೆ ಆ ಮಾತು, ಬುಡತ್ಲಾಗೆ. ನಿಮ್ಮ ದೊಡ್ಡಪ್ಪನ ಮುಂದೆ ಎತ್ತೀಯ ಮತ್ತೆ."

ಫೋನಿಟ್ಟು ಅಡುಗೆಮನೆಯಲ್ಲಿ ನಿಂತೆ. ಕೈಗೂಸಾಗಿ ಆ ನೀರು ಕುಡಿದವಳಿಗೆ, ಆರು ವರ್ಷ ಕಳೆದ ಮೇಲೆ ಅದೇ ನೀರಿನಿಂದ ಕೈ ಕಲ್ಲಾಗುತ್ತದೆಂದು ಕಲಿಸಿದ್ದಳು ನನ್ನಜ್ಜಿ. ಸಿಟ್ಟು ಇನ್ನೂ ಇತ್ತು. ಯಾರ ಮೇಲೆ ಎಂಬುದು ಬದಲಾಗಿತ್ತು.

ನಾಲ್ಕೂವರೆಗೆ ಪ್ರಕಾಶಕರಿಗೆ ನಾನೇ ಕರೆ ಮಾಡಿದೆ. ನಕ್ಷೆ ಬರುವುದಿಲ್ಲ, ನಡುವಿನ ಮೂರು ಅಧ್ಯಾಯ ತೆಗೆದು ಮತ್ತೆ ಬರೆಯಬೇಕು ಎಂದೆ.

"ಏನ್ ಮೇಡಂ, ನಾಳೆ ಅಚ್ಚಿಗೆ ಹೋಗೋದು ಇವತ್ತು ಹೀಗಂದ್ರೆ? ಬೇಕಾದ್ರೆ ಒಂದು ಹೆಸರು ತೆಗೀರಿ, ಮುಗೀತು. ಓದೋ ಮಕ್ಕಳಿಗೆ ಏನ್ ಗೊತ್ತಾಗುತ್ತೆ?"

"ನನಗೆ ಗೊತ್ತಾಗಿದೆಯಲ್ಲ ಸಾರ್."

ಈ ಸಲದ ಪಟ್ಟಿಯಿಂದ ನಿಮ್ಮ ಪುಸ್ತಕ ಕೈಬಿಡುತ್ತೇನೆ, ಮುಂದಿನದು ಮುಂದೆ ನೋಡೋಣ ಎಂದು ಹೇಳಿ ಅವರು ಫೋನಿಟ್ಟರು.

ಸೋಮವಾರ ಬಸ್ಸಿನಲ್ಲಿ ಅವಳು ಮುಂದಿನ ಬಾಗಿಲಲ್ಲಿ ಹತ್ತಿ ಡ್ರೈವರ್ ಹಿಂದೆ ಕುಳಿತಳು. ನಾನು ಹಿಡಿದಿಟ್ಟಿದ್ದ ಸೀಟಿನಿಂದ ಬ್ಯಾಗು ತೆಗೆದುಕೊಂಡೆ. ಸ್ಟಾಫ್ ರೂಮಿನಲ್ಲಿ ನಮಸ್ಕಾರ ಮೇಡಂ, ನಮಸ್ಕಾರ. ಅಷ್ಟೇ. ಮೂರು ವಾರ ಹಾಗೇ ಹೋಯಿತು. ಬೇರೆ ಟೀಚರುಗಳು ಏನಾಯಿತೆಂದು ಕೇಳಿದರು. ಇಬ್ಬರೂ ಹೇಳಲಿಲ್ಲ.

ನಾಲ್ಕನೆಯ ವಾರ ಒಂದು ಸಂಜೆ ಬಸ್ಸು ಬಹಳ ತಡವಾಯಿತು. ಸ್ಟಾಪಿನ ಕಲ್ಲುಬೆಂಚಿನಲ್ಲಿ ನಾವಿಬ್ಬರೇ. ತಡೆಯಲಾರದೆ ಕೇಳಿದೆ, "ನಿಂಗೆ ಯಾವಾಗಿಂದ ಗೊತ್ತಿತ್ತು?"

"ಮೊದಲನೇ ತಿಂಗಳಿಂದ. ನಿಮ್ಮೂರ ಹೆಸರು ನೀವೇ ಹೇಳಿದ್ರಿ."

"ನಿಮ್ಮಮ್ಮಂದೂ ಅದೇ ಊರು ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಊರಲ್ಲಿ ಯಾವ ಕಡೆಯೋರು ಅಂತ ಕೇಳ್ತಿದ್ರಿ." ರಸ್ತೆ ನೋಡುತ್ತಲೇ ಹೇಳಿದಳು. "ಕೇಳ್ತಿರ್ಲಿಲ್ಲ ಅಂತ ಹೇಳ್ಬೇಡಿ."

ಹೇಳಲಿಲ್ಲ. ಕೇಳುತ್ತಿದ್ದೆ ಎಂದು ನನಗೂ ಗೊತ್ತಿತ್ತು. ಅಮ್ಮ ಫೋನಿನಲ್ಲಿ ಹೇಳಿದ್ದನ್ನು ಅವಳಿಗೆ ಹೇಳಿದೆ. ಕಾಯಿಸಿ ಕುಡಿಸಿದ ನೀರಿನ ಮಾತು. "ಅಮ್ಮನಿಗೆ ಹೇಳ್ತೀನಿ," ಎಂದಳು. ಟೀ ಬಿಟ್ಟು ಬಂದದ್ದಕ್ಕೆ ಏನೆಂದರು ಎಂದು ಕೇಳಿದೆ. "ತಣ್ಣಗಾಗಿತ್ತು, ಚೆಲ್ಲಿದ್ಲು," ಎಂದಳು. ಬಸ್ಸು ಬಂತು. ಒಂದೇ ಸೀಟಿನಲ್ಲಿ ಕುಳಿತೆವು.

ಮೂರು ಅಧ್ಯಾಯ ಮತ್ತೆ ಬರೆಯಲು ಏಳು ತಿಂಗಳು ಹಿಡಿಯಿತು. ಬಾವಿ ಹೋದ ಮೇಲೆ ಹುಡುಗಿಯನ್ನು ತಡೆಯುವುದು ಏನು ಎಂಬುದೇ ತಿಳಿಯದೆ ಎಷ್ಟೋ ದಿನ ಬರೀ ಹಾಳೆ ನೋಡಿಕೊಂಡು ಕುಳಿತೆ. ಕೊನೆಗೆ ಅವಳನ್ನು ತಡೆಯುವುದು ಅವಳ ಮನೆಯವರೇ ಎಂದು ಬರೆದೆ. ಓದಿದ ಪ್ರಕಾಶಕರು ಮುಂದಿನ ಪಟ್ಟಿಗೆ ಸೇರಿಸಿಕೊಂಡರು. ನಕ್ಷೆಯನ್ನೂ ಹೊಸ ಹಾಳೆಯಲ್ಲಿ ಮೊದಲಿನಿಂದ ಬರೆದೆ. ಒಂದೊಂದು ಗುಡ್ಡ, ಒಂದೊಂದು ತಿರುವು ಬರೆಯುವಾಗಲೂ ಕೈ ತಡೆದು, ಇದನ್ನು ಎಲ್ಲಿ ನೋಡಿದ್ದೆ, ಅಲ್ಲಿ ಯಾರಿದ್ದಾರೆ ಎಂದು ಕೇಳಿಕೊಂಡೆ. ರಕ್ಕಸರ ಕಾಡಿನ ಜಾಗವನ್ನು ಎರಡು ಸಲ ಬದಲಿಸಿದೆ.

ಹೆಸರು ಕೂರಿಸಲು ಅವಳನ್ನು ಕೇಳಲಿಲ್ಲ. ಶಾಲೆಯ ಕಂಪ್ಯೂಟರಿನಲ್ಲಿ ಮೂರು ಶನಿವಾರ ಮಧ್ಯಾಹ್ನ ನಾನೇ ಕುಳಿತೆ. ಹೆಸರುಗಳು ಜಾರಿದವು, ಒಂದರ ಮೇಲೊಂದು ಬಿದ್ದವು, ಒಂದು ಬಾಕ್ಸು ಚಿತ್ರದ ಹಿಂದೆ ಹೋಗಿ ಮಾಯವೇ ಆಯಿತು. ಮೂರನೆಯ ಶನಿವಾರ ಅವಳು ಯಾವುದೋ ಅಂಕಪಟ್ಟಿ ತೆಗೆದುಕೊಳ್ಳಲು ಬಂದವಳು ನನ್ನ ಹಿಂದೆ ನಿಂತಳು.

"ಎಲ್ಲಾ ಒಟ್ಟಿಗೆ ಸೆಲೆಕ್ಟ್ ಮಾಡಿ ಗ್ರೂಪ್ ಮಾಡಿ. ಆಗ ಜಾರಲ್ಲ."

ಮಾಡಿದೆ. ಅವಳು ಕೂರಲಿಲ್ಲ. ನಿಂತೇ ಬಗ್ಗಿ, ಪ್ರಶ್ನೆಪತ್ರಿಕೆಯ ಕರಡು ತಿದ್ದುವ ಕಣ್ಣಿನಲ್ಲಿ ಹೆಸರುಗಳನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಒಂದು ಹೆಸರಿನ ಮೇಲೆ ಬೆರಳಿಟ್ಟಳು.

"ಇದೆಲ್ಲಿದೆ?"

"ಎಲ್ಲೂ ಇಲ್ಲ."

"ಆವತ್ತೂ ಎಲ್ಲೂ ಇಲ್ಲ ಅಂದ್ರಿ."

"ಆವತ್ತು ನಾನು ಹುಡುಕಿರ್ಲಿಲ್ಲ," ಎಂದೆ. "ಈ ಸಲ ಹುಡುಕಿದೀನಿ. ತಪ್ಪಿದ್ರೆ ಹೇಳು."

ಅವಳು ಮತ್ತೊಮ್ಮೆ ಮೇಲಿನಿಂದ ಓದಿದಳು. ಒಂದು ಕಡೆ ಲ ಇರಬೇಕಾದಲ್ಲಿ ಳ ಬಿದ್ದಿತ್ತು, ತೋರಿಸಿದಳು. ತಿದ್ದಿದೆ. "ಪಿಡಿಎಫ್ ಮಾಡಿ ಕಳಿಸಿ. ಇಲ್ದಿದ್ರೆ ಅವರ ಕಂಪ್ಯೂಟರಲ್ಲಿ ಒತ್ತಕ್ಷರ ಒಡೀತವೆ," ಎಂದು ಹೇಳಿ ಅಂಕಪಟ್ಟಿ ತೆಗೆದುಕೊಂಡು ಬಾಗಿಲವರೆಗೆ ಹೋದಳು. ಅಲ್ಲಿ ನಿಂತು, ತಿರುಗದೆಯೇ, "ಅಚ್ಚಾದ್ಮೇಲೆ ಒಂದು ಪುಸ್ತಕ ಅಮ್ಮನಿಗೆ ಕೊಡಿ. ಅವಳು ಓದ್ತಾಳೆ," ಎಂದಳು.

ಹೂಂ ಎಂದೆ. ಕೇಳಿಸಿತೋ ಇಲ್ಲವೋ, ಅವಳು ಹೋಗಿಯಾಗಿತ್ತು.